ಕರಾವಳಿಗೆ ವರ್ಗಾವಣೆಯೇ? ಮನೆ ಹಿಡಿಯುವ ಮುನ್ನ ಬಾವಿ, ಮಳೆ, ಸೇತುವೆ ನೋಡಿ

ಬ್ಯಾಂಕು, ಬಂದರು, ತೈಲಾಗಾರ, ಆಸ್ಪತ್ರೆ, ಕಾಲೇಜು, ಸರ್ಕಾರಿ ಕಚೇರಿ- ಹೀಗೆ ಉದ್ಯೋಗ ನಿಮಿತ್ತ ಬಯಲುಸೀಮೆ ಹಾಗೂ ಹಳೆ ಮೈಸೂರು ಭಾಗದಿಂದ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಿಗೆ ಬರುವ ಕುಟುಂಬಗಳಿಗೆ ಮೊದಲು ಎದುರಾಗುವ ಪ್ರಶ್ನೆ ಮನೆಯದು. ರಾಜ್ಯ ಒಂದೇ, ಆಡಳಿತ ಭಾಷೆ ಒಂದೇ. ಆದರೆ ಘಟ್ಟ ಇಳಿದ ಮೇಲೆ ನೆಲ, ನೀರು, ಗಾಳಿ, ಮನೆಯ ಮಾಡು ಎಲ್ಲವೂ ಬೇರೆ. ಕಲಬುರಗಿಯಲ್ಲಾಗಲಿ, ತುಮಕೂರಿನಲ್ಲಾಗಲಿ ಮನೆ ಹುಡುಕಿದ ಅನುಭವ ಇಲ್ಲಿ ಅರ್ಧದಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ.

ಕಚೇರಿಗೆ ಎಷ್ಟು ಕಿಲೋಮೀಟರ್, ಬಾಡಿಗೆ ಎಷ್ಟು ರೂಪಾಯಿ ಎಂಬೆರಡು ಲೆಕ್ಕದಲ್ಲೇ ಮನೆ ಹಿಡಿದವರು ವರ್ಷ ತುಂಬುವುದರೊಳಗೆ ಮತ್ತೆ ಸಾಮಾನು ಕಟ್ಟುವುದು ಈ ಭಾಗದಲ್ಲಿ ಅಪರೂಪವಲ್ಲ. ಎರಡನೇ ಸಲ ಸಾಮಾನು ಸಾಗಿಸುವ ಖರ್ಚು, ಮುಂಗಡ ಹಣದ ಕಡಿತ, ಮಕ್ಕಳ ಶಾಲೆಯ ಅಡಚಣೆ ಇವೆಲ್ಲ ಒಂದೇ ಸಂಬಳದ ಮೇಲೆ ನಿಂತ ಕುಟುಂಬಕ್ಕೆ ಸಣ್ಣ ಹೊರೆಯಲ್ಲ. ಕರಾವಳಿಯಲ್ಲಿ ವಾಸದ ಸ್ಥಳವನ್ನು ನಿರ್ಧರಿಸಬೇಕಾದ ಸಂಗತಿಗಳು ಮುಖ್ಯವಾಗಿ ಮೂರು: ಮೇ ತಿಂಗಳಲ್ಲಿ ಬಾವಿಯ ನೀರು, ಜುಲೈ ತಿಂಗಳಲ್ಲಿ ಮಳೆಯ ನೀರು ಮತ್ತು ಕಚೇರಿಗೂ ಮನೆಗೂ ನಡುವೆ ಇರುವ ಸೇತುವೆ.

ಮನೆ ನೋಡುವ ಕಾಲ

ವರ್ಗಾವಣೆಗಳು ಸಾಮಾನ್ಯವಾಗಿ ನಡೆಯುವುದು ಬೇಸಿಗೆಯ ಕೊನೆಯಲ್ಲಿ. ಶಾಲೆಗಳು ಆರಂಭವಾಗುವುದೂ ಮೇ ಅಂತ್ಯ ಅಥವಾ ಜೂನ್ ಮೊದಲ ವಾರದಲ್ಲಿ. ನೈರುತ್ಯ ಮುಂಗಾರು ಕರ್ನಾಟಕ ಕರಾವಳಿಯನ್ನು ತಲುಪುವುದೂ ಹೆಚ್ಚುಕಡಿಮೆ ಅದೇ ವೇಳೆಗೆ. ಹೀಗಾಗಿ ಹೆಚ್ಚಿನವರು ಮನೆ ನೋಡುವುದು ಮೇ ತಿಂಗಳ ಬಿಸಿಲಿನಲ್ಲಿ, ವಾಸ ಆರಂಭಿಸುವುದು ಜೂನ್ ತಿಂಗಳ ಮಳೆಯಲ್ಲಿ. ಬಿಸಿಲಿನಲ್ಲಿ ಕಂಡ ಒಣ ಗೋಡೆ, ವಿಶಾಲ ಅಂಗಳ, ತಂಪಾದ ತೆಂಗಿನ ತೋಟ ಮಳೆ ಹಿಡಿದ ಮೇಲೆ ಬೇರೆಯೇ ರೂಪ ತಳೆಯುತ್ತವೆ.

ಮಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಅಧಿಕ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ವಿಜಯಪುರ ಜಿಲ್ಲೆಯ ವಾರ್ಷಿಕ ಸರಾಸರಿ 600 ಮಿಲಿಮೀಟರಿನ ಆಸುಪಾಸಿನಲ್ಲಿದೆ ಎಂಬುದನ್ನು ಹೋಲಿಸಿದರೆ ವ್ಯತ್ಯಾಸದ ಅರಿವಾಗುತ್ತದೆ. ವಿಚಿತ್ರವೆಂದರೆ ಇಷ್ಟು ಮಳೆ ಬೀಳುವ ಊರಿನಲ್ಲೇ ಏಪ್ರಿಲ್-ಮೇ ತಿಂಗಳಲ್ಲಿ ಕುಡಿಯುವ ನೀರಿಗೆ ತತ್ವಾರ. ಮಂಗಳೂರು ನಗರ ಆಶ್ರಯಿಸಿರುವುದು ನೇತ್ರಾವತಿ ನದಿಯ ತುಂಬೆ ಕಿಂಡಿ ಅಣೆಕಟ್ಟನ್ನು. ನದಿಯ ಹರಿವು ಕುಗ್ಗಿದ 2016, 2019 ಮತ್ತು 2023ರ ಬೇಸಿಗೆಗಳಲ್ಲಿ ನಗರದಲ್ಲಿ ಸರದಿಯಂತೆ ನೀರು ಬಿಡಬೇಕಾಯಿತು. ಉಡುಪಿ ನಗರಕ್ಕೆ ನೀರೊದಗಿಸುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು 2019ರಲ್ಲಿ ತಳ ಕಂಡಿತ್ತು.

ಆದ್ದರಿಂದ ಮನೆಯೊಂದನ್ನು ಎರಡು ಕಾಲದಲ್ಲಿ ನೋಡುವುದು ಉತ್ತಮ. ಅದು ಹೊಸಬರಿಗೆ ಸಾಧ್ಯವಾಗದ ಮಾತು. ಒಂದು ಕಾಲವನ್ನು ಕಣ್ಣಿನಿಂದ ನೋಡಿ, ಇನ್ನೊಂದನ್ನು ನೆರೆಹೊರೆಯವರ ಬಾಯಿಂದ ಕೇಳಿ ತಿಳಿಯುವುದೇ ಉಳಿದ ದಾರಿ. ಮೇ ತಿಂಗಳಲ್ಲಿ ಬಂದವರು ಬಾವಿಯನ್ನು ಸ್ವತಃ ಇಣುಕಿ ನೋಡಬೇಕು, ಮಳೆಯ ವಿಚಾರವನ್ನು ಪಕ್ಕದ ಮನೆಯವರಲ್ಲಿ ವಿಚಾರಿಸಬೇಕು. ಜುಲೈಯಲ್ಲಿ ಬಂದವರು ಗೋಡೆ-ಮಾಡುಗಳನ್ನು ನೋಡಿ, ಬೇಸಿಗೆಯ ನೀರಿನ ಸ್ಥಿತಿಯನ್ನು ಕೇಳಬೇಕು. ಮನೆ ಮಾಲೀಕರಿಗಿಂತ ಸಮೀಪದ ದಿನಸಿ ಅಂಗಡಿಯವರು, ರಿಕ್ಷಾ ನಿಲ್ದಾಣದ ಚಾಲಕರು ಹಾಗೂ ಅದೇ ವಠಾರದ ಹಳೆಯ ಬಾಡಿಗೆದಾರರು ಕೊಡುವ ಮಾಹಿತಿ ಹೆಚ್ಚು ವಿಶ್ವಾಸಾರ್ಹ.

ಊರ ಹೆಸರೇ ಹೇಳುವ ನೆಲದ ಗುಣ

ಕರಾವಳಿಯ ಗದ್ದೆಗಳನ್ನು ಹಿಂದಿನಿಂದಲೂ ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ಗುರುತಿಸಲಾಗುತ್ತದೆ. ಬೈಲು ಎಂದರೆ ಕೆಳಮಟ್ಟದ ನೆಲ, ನೀರು ಹೆಚ್ಚು ಕಾಲ ನಿಲ್ಲುವ ಜಾಗ. ಮಜಲು ನಡುವಿನದು. ಬೆಟ್ಟು ಎಂದರೆ ಎತ್ತರದ, ಮಳೆಯನ್ನೇ ನಂಬಿ ಒಂದು ಬೆಳೆ ತೆಗೆಯುವ ನೆಲ. ಇನ್ನೂ ಮೇಲಿನ, ಮುರಕಲ್ಲಿನ ಹಾಸಿನ ಬಯಲಿಗೆ ಪದವು ಎಂಬ ಹೆಸರಿದೆ. ನದಿಯ ನಡುವಿನ ದ್ವೀಪಕ್ಕೆ ಕುದ್ರು ಎನ್ನುತ್ತಾರೆ. ಗದ್ದೆಗಳು ಬಡಾವಣೆಗಳಾಗಿ ದಶಕಗಳೇ ಕಳೆದಿದ್ದರೂ ಈ ಪದಗಳು ಸ್ಥಳನಾಮಗಳಲ್ಲಿ ಉಳಿದುಕೊಂಡಿವೆ. ಮಂಗಳೂರಿನ ಕೊಡಿಯಾಲ್‌ಬೈಲ್, ಮುಡಿಪು ಸಮೀಪದ ಕಂಬಳಪದವು ಇದಕ್ಕೆ ಉದಾಹರಣೆ.

ಹೆಸರನ್ನೇ ನಂಬಿ ಮನೆ ಹಿಡಿಯಬೇಕೆಂದಲ್ಲ. ಆದರೆ ಬೈಲು, ಕುದ್ರು ಎಂಬ ಹೆಸರು ಕೇಳಿದಾಗ ಮಳೆಗಾಲದಲ್ಲಿ ಅಂಗಳಕ್ಕೆ ನೀರು ಬರುತ್ತದೆಯೇ ಎಂದೂ, ಪದವು, ಬೆಟ್ಟು ಎಂದಾಗ ಬಾವಿಯಲ್ಲಿ ಬೇಸಿಗೆಯ ಕೊನೆಯವರೆಗೆ ನೀರು ಉಳಿಯುತ್ತದೆಯೇ ಎಂದೂ ಕೇಳುವುದು ಲೇಸು. ಮೂಡು ಎಂದರೆ ಪೂರ್ವ, ಪಡು ಎಂದರೆ ಪಶ್ಚಿಮ. ಪಡುಬಿದ್ರಿ ಕಡಲ ಬದಿಗೆ, ಮೂಡುಬಿದಿರೆ ಘಟ್ಟದ ಬದಿಗೆ ಇರುವುದನ್ನು ಹೆಸರುಗಳೇ ಸೂಚಿಸುತ್ತವೆ. ದಾರಿ ಕೇಳುವಾಗಲೂ ಈ ಎರಡು ಪದಗಳು ಪ್ರಯೋಜನಕ್ಕೆ ಬರುತ್ತವೆ.

ಮಂಗಳೂರು ನಗರ ಗುಡ್ಡ-ತಗ್ಗುಗಳ ಊರು. ಕದ್ರಿ, ಬೆಂದೂರು ಮುಂತಾದ ಎತ್ತರದ ಪ್ರದೇಶಗಳ ನೀರೆಲ್ಲ ತೋಡುಗಳ ಮೂಲಕ ತಗ್ಗಿನತ್ತ ಹರಿಯುತ್ತದೆ. ಕೊಟ್ಟಾರ ಚೌಕಿ, ಪಂಪ್‌ವೆಲ್ ಮೊದಲಾದ ಕಡೆಗಳಲ್ಲಿ ಭಾರಿ ಮಳೆಗೆ ನೀರು ನಿಲ್ಲುವುದು ಪದೇಪದೇ ಕಂಡುಬಂದಿದೆ. 2018ರ ಮೇ 29ರಂದು ಸುರಿದ ಒಂದೇ ದಿನದ ಮಳೆಗೆ ನಗರದ ಹಲವು ಬಡಾವಣೆಗಳು ಜಲಾವೃತವಾದವು. ನೆಲಮಹಡಿಯ ಮನೆ ಹಿಡಿಯುವವರು ಆ ದಿನ ಈ ಮನೆಯೊಳಗೆ ನೀರು ಬಂದಿತ್ತೇ ಎಂದು ನೇರವಾಗಿ ಕೇಳಿಬಿಡುವುದು ಒಳ್ಳೆಯದು. ಗುಡ್ಡ ಕಡಿದು ಕಟ್ಟಿದ ಮನೆಯಾದರೆ ಹಿಂಬದಿಯ ಮಣ್ಣಿನ ಗೋಡೆಗೆ ತಡೆಗೋಡೆ ಇದೆಯೇ ಎಂಬುದನ್ನು ಗಮನಿಸಬೇಕು. ಮಳೆಗಾಲದಲ್ಲಿ ಅಂತಹ ಧರೆ ಕುಸಿದು ಜೀವಹಾನಿಯಾದ ಘಟನೆಗಳು ಎರಡೂ ಜಿಲ್ಲೆಗಳಲ್ಲಿ ನಡೆದಿವೆ.

ಬಾವಿ, ಗುಂಡಿ, ಟ್ಯಾಂಕರ್

ಕರಾವಳಿಯಲ್ಲಿ ಸ್ವಂತ ಬಾವಿಯಿರುವ ಮನೆ ಸಾಮಾನ್ಯ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಬತ್ತದ ಬಾವಿಯ ಮನೆಯೇ ಅಂತಿಮವಾಗಿ ಅಗ್ಗವಾಗುತ್ತದೆ. ಆದರೆ ಬಾವಿಯಿದ್ದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಮುರಕಲ್ಲು ರಂಧ್ರಮಯ ಶಿಲೆ. ಮಳೆ ಬಂದೊಡನೆ ಬಾವಿ ತುಂಬುತ್ತದೆ, ಮಳೆ ನಿಂತ ಬಳಿಕ ಅಷ್ಟೇ ಬೇಗ ಇಳಿಯುತ್ತದೆ. ಇದೇ ಗುಣದಿಂದಾಗಿ ಶೌಚಗುಂಡಿಯ ನೀರೂ ಬಾವಿಯತ್ತ ಜಿನುಗುವ ಅಪಾಯವಿದೆ. ಒಳಚರಂಡಿ ಇಲ್ಲದ ಪ್ರದೇಶಗಳಲ್ಲಿ ಬಾವಿಗೂ ಗುಂಡಿಗೂ ನಡುವಿನ ಅಂತರವನ್ನು, ನೆರೆಮನೆಯ ಗುಂಡಿಯನ್ನೂ ಸೇರಿಸಿ, ಪರಿಶೀಲಿಸಬೇಕು. ನೀರನ್ನು ಕುದಿಸಿ ಕುಡಿಯುವುದು ಇಲ್ಲಿನ ಹಳೆಯ ರೂಢಿ. ಅದನ್ನು ಪಾಲಿಸುವುದೇ ಕ್ಷೇಮ.

ಕಡಲತೀರ ಹಾಗೂ ಅಳಿವೆಯ ಸಮೀಪದ ಬಾವಿಗಳಲ್ಲಿ ಬೇಸಿಗೆಯ ಕೊನೆಗೆ ನೀರು ಉಪ್ಪಾಗುವುದುಂಟು. ವಸತಿ ಸಮುಚ್ಚಯಗಳಲ್ಲಿ ವಾಸಿಸುವವರು ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಹಣವನ್ನು ಯಾರು ಭರಿಸುತ್ತಾರೆ, ಅದು ನಿರ್ವಹಣಾ ಶುಲ್ಕದಲ್ಲಿ ಸೇರಿದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಬೇಕು.

ದೂರವಲ್ಲ, ಸೇತುವೆ

ನಕ್ಷೆಯಲ್ಲಿ ನೋಡಿದರೆ ಮಂಗಳೂರಿನಿಂದ ಉಡುಪಿ ಸುಮಾರು 55 ಕಿ.ಮೀ. ದೂರದ, ನೇರ ಹೆದ್ದಾರಿಯ ಊರು. ಆದರೆ ಕರಾವಳಿಯನ್ನು ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ನದಿಗಳು ಪಟ್ಟಿಪಟ್ಟಿಯಾಗಿ ಕತ್ತರಿಸಿವೆ. ಮಂಗಳೂರಿನ ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಫಲ್ಗುಣಿ ಅಥವಾ ಗುರುಪುರ ನದಿ, ಮೂಲ್ಕಿಯಲ್ಲಿ ಶಾಂಭವಿ, ಉಡುಪಿಯ ಆಚೆ ಸ್ವರ್ಣಾ ಹಾಗೂ ಸೀತಾ. ಹಿಂದೆ ರಾಷ್ಟ್ರೀಯ ಹೆದ್ದಾರಿ 17 ಎನಿಸಿದ್ದ ಇಂದಿನ ಹೆದ್ದಾರಿ 66 ಇವೆಲ್ಲವನ್ನೂ ದಾಟಿ ಸಾಗುತ್ತದೆ. ಬಹುತೇಕ ಸಂಚಾರಕ್ಕೆ ಇದೊಂದೇ ದಾರಿ. ಲಾರಿಯೊಂದು ಕೂಳೂರು ಸೇತುವೆಯ ಬಳಿ ಕೆಟ್ಟು ನಿಂತರೆ ಹತ್ತು ಕಿಲೋಮೀಟರಿನ ಪ್ರಯಾಣಕ್ಕೆ ಗಂಟೆ ಹಿಡಿಯಬಹುದು.

ಸೇತುವೆಯೇ ಕೈಕೊಟ್ಟ ನಿದರ್ಶನಗಳೂ ಇವೆ. 2018ರ ಜೂನ್‌ನಲ್ಲಿ ಫಲ್ಗುಣಿ ನದಿಯ ಮೂಲರಪಟ್ಣ ಸೇತುವೆ ಕುಸಿಯಿತು. 2021ರ ಜೂನ್‌ನಲ್ಲಿ ಅದೇ ನದಿಯ ಮರವೂರು ಸೇತುವೆ ಜಗ್ಗಿದ್ದರಿಂದ ನಗರ ಹಾಗೂ ಬಜ್ಪೆ ವಿಮಾನ ನಿಲ್ದಾಣದ ನಡುವಿನ ನೇರ ಸಂಪರ್ಕ ಕಡಿದು, ವಾಹನಗಳು ಗುರುಪುರ-ಕೈಕಂಬ ಮಾರ್ಗವಾಗಿ ಸುತ್ತಿ ಸಾಗಬೇಕಾಯಿತು.

ಆದ್ದರಿಂದ ಸಾಧ್ಯವಾದ ಮಟ್ಟಿಗೆ ಕಚೇರಿ ಇರುವ ನದಿಯ ದಡದಲ್ಲೇ ಮನೆ ಹಿಡಿಯುವುದು ಜಾಣತನ. ಉದ್ಯೋಗದ ಸ್ಥಳಕ್ಕನುಗುಣವಾಗಿ ಪ್ರದೇಶಗಳನ್ನು ಹೀಗೆ ವಿಂಗಡಿಸಬಹುದು:

ಫಲ್ಗುಣಿಯ ಉತ್ತರ: ಪಣಂಬೂರಿನ ನವಮಂಗಳೂರು ಬಂದರು, ರಸಗೊಬ್ಬರ ಕಾರ್ಖಾನೆ, ಬೈಕಂಪಾಡಿ ಕೈಗಾರಿಕಾ ಪ್ರದೇಶ, ಎಂಆರ್‌ಪಿಎಲ್ ತೈಲಾಗಾರ, ಸುರತ್ಕಲ್‌ನ ಎನ್‌ಐಟಿಕೆ ಇಲ್ಲಿವೆ. ಇಲ್ಲಿ ದುಡಿಯುವವರಿಗೆ ಸುರತ್ಕಲ್, ಕುಳಾಯಿ, ಹೊಸಬೆಟ್ಟು, ಕೃಷ್ಣಾಪುರ, ಮುಕ್ಕ, ಹಳೆಯಂಗಡಿ ಅನುಕೂಲ. ರಾತ್ರಿ ಪಾಳಿಯವರಿಗಂತೂ ನಗರದೊಳಗಿನ ವಾಸ ದುಬಾರಿ ಆಯ್ಕೆ. ಭಾರಿ ವಾಹನಗಳ ಓಡಾಟ ಹಾಗೂ ಕಾರ್ಖಾನೆಗಳ ಸಾಮೀಪ್ಯವನ್ನು ಮನೆ ನೋಡುವಾಗಲೇ ಅಂದಾಜು ಮಾಡಬೇಕು.

ಎರಡು ನದಿಗಳ ನಡುವೆ: ಜಿಲ್ಲಾ ಕೇಂದ್ರದ ಕಚೇರಿಗಳು, ಬ್ಯಾಂಕುಗಳು, ವೆನ್ಲಾಕ್ ಸೇರಿದಂತೆ ಪ್ರಮುಖ ಆಸ್ಪತ್ರೆಗಳು ನಗರದೊಳಗಿವೆ. ಬಾಡಿಗೆ ಹೆಚ್ಚು. ಆದರೆ ವಯಸ್ಸಾದ ತಂದೆ-ತಾಯಿ ಜತೆಗಿರುವವರಿಗೆ, ಮಕ್ಕಳನ್ನು ಪದವಿಪೂರ್ವ ಕಾಲೇಜಿಗೆ ಕಳುಹಿಸುವವರಿಗೆ ಈ ವೆಚ್ಚ ಸಾರ್ಥಕವಾಗಬಹುದು.

ನೇತ್ರಾವತಿಯ ದಕ್ಷಿಣ: ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ, ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳು, ಮುಡಿಪು ಬಳಿಯ ಸಾಫ್ಟ್‌ವೇರ್ ಆವರಣಕ್ಕೆ ಹೋಗುವವರು ತೊಕ್ಕೊಟ್ಟು, ಕುತ್ತಾರು, ದೇರಳಕಟ್ಟೆ, ಕೊಣಾಜೆಗಳಲ್ಲಿ ಮನೆ ಹುಡುಕುವುದು ಸೂಕ್ತ. ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡಲಂಚಿನ ಕೆಲವು ಭಾಗಗಳಲ್ಲಿ ಪ್ರತಿ ಮಳೆಗಾಲ ಕಡಲ್ಕೊರೆತದ ಭೀತಿಯಿದೆ ಎಂಬುದು ನೆನಪಿನಲ್ಲಿರಲಿ.

ಉಡುಪಿ-ಮಣಿಪಾಲ: 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಉಡುಪಿಯ ಜಿಲ್ಲಾಧಿಕಾರಿ ಕಚೇರಿ ಮಣಿಪಾಲದಲ್ಲಿದೆ. ವಿದ್ಯಾರ್ಥಿಗಳ ಬೇಡಿಕೆಯಿಂದಾಗಿ ಮಣಿಪಾಲದಲ್ಲಿ ಬಾಡಿಗೆ ಏರು. ಪರ್ಕಳ, ಇಂದ್ರಾಳಿ, ಕುಂಜಿಬೆಟ್ಟು, ಸಂತೆಕಟ್ಟೆ ಪರ್ಯಾಯಗಳು. ಪತಿ ಒಂದು ನಗರದಲ್ಲಿ, ಪತ್ನಿ ಇನ್ನೊಂದರಲ್ಲಿ ಉದ್ಯೋಗದಲ್ಲಿದ್ದರೆ ಮೂಲ್ಕಿ ಅಥವಾ ಪಡುಬಿದ್ರಿ ನಡುದಾರಿಯ ಊರುಗಳು. ಆಗ ಇಬ್ಬರ ದಾರಿಯಲ್ಲೂ ಸೇತುವೆಗಳಿರುತ್ತವೆ, ಆದರೆ ದಿನದ ಪ್ರಯಾಣ ಇಬ್ಬರಿಗೂ ಸಮನಾಗಿ ಹಂಚಿಹೋಗುತ್ತದೆ.

ಬಸ್ಸಿನ ಲೆಕ್ಕ

ಎರಡೂ ಜಿಲ್ಲೆಗಳ ಸಾರಿಗೆಯಲ್ಲಿ ಖಾಸಗಿ ಬಸ್ಸುಗಳದ್ದೇ ಪಾರಮ್ಯ. ನಗರ ಸಾರಿಗೆಯ ಬಸ್ಸುಗಳಿಗೆ ಸಂಖ್ಯೆಗಳಿದ್ದು, ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣ ಅವುಗಳ ಕೇಂದ್ರ. ಮಹಿಳೆಯರಿಗೆ ಉಚಿತ ಪ್ರಯಾಣ ನೀಡುವ, 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ಸರ್ಕಾರಿ ಬಸ್ಸುಗಳಿಗೆ ಮಾತ್ರ ಅನ್ವಯಿಸುತ್ತದೆ. ಬೇರೆ ಜಿಲ್ಲೆಯಲ್ಲಿ ಶೂನ್ಯ ಟಿಕೆಟಿನಲ್ಲಿ ಕಚೇರಿಗೆ ಹೋಗುತ್ತಿದ್ದ ಉದ್ಯೋಗಸ್ಥ ಮಹಿಳೆ ಇಲ್ಲಿ ಪ್ರತಿದಿನ ಟಿಕೆಟ್ ಕೊಳ್ಳಬೇಕಾದೀತು. ತಿಂಗಳ ಲೆಕ್ಕದಲ್ಲಿ ಇದನ್ನು ಬಾಡಿಗೆಗೆ ಕೂಡಿಸಿ ನೋಡಬೇಕು. ಮನೆಯ ಸಮೀಪದ ನಿಲ್ದಾಣದಲ್ಲಿ ರಾತ್ರಿಯ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬ ಪ್ರಶ್ನೆಯನ್ನೂ ಮರೆಯುವಂತಿಲ್ಲ. ಒಳರಸ್ತೆಗಳಲ್ಲಿ ಅದು ನಿರೀಕ್ಷೆಗಿಂತ ಬೇಗ ಹೊರಟುಬಿಡುತ್ತದೆ.

ತವರಿಗೆ ಮರಳುವ ದಾರಿಯೂ ಯೋಚನೆಯ ಒಂದು ಭಾಗ. 2018ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿ ಹಾಗೂ ಸಂಪಾಜೆ-ಮಡಿಕೇರಿ ರಸ್ತೆ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಭೂಕುಸಿತದಿಂದ ಮುಚ್ಚಿದ್ದವು. 2024ರ ಜುಲೈ ಕೊನೆಯಲ್ಲಿ ಸಕಲೇಶಪುರ-ಸುಬ್ರಹ್ಮಣ್ಯ ನಡುವಿನ ರೈಲುಮಾರ್ಗದಲ್ಲಿ ಮಣ್ಣು ಕುಸಿದು ಹಲವು ದಿನ ರೈಲು ಸಂಚಾರ ನಿಂತಿತ್ತು. ಅದೇ ತಿಂಗಳು ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆಯೇ ಗುಡ್ಡ ಕುಸಿದು ಜೀವಹಾನಿ ಸಂಭವಿಸಿತು. ಊರಿನಲ್ಲಿ ವೃದ್ಧ ಪೋಷಕರನ್ನು ಬಿಟ್ಟು ಬರುವವರು, ವಾರಕ್ಕೊಮ್ಮೆ ಹೋಗಿಬರುತ್ತೇವೆ ಎಂಬ ಲೆಕ್ಕವನ್ನು ಜುಲೈ-ಆಗಸ್ಟ್ ತಿಂಗಳಿಗೆ ಅನ್ವಯಿಸಲಾಗದು.

ಮನೆಯೊಳಗೆ ನೋಡಬೇಕಾದ್ದು

ಮುಂಗಾರಿನ ಗಾಳಿ-ಮಳೆ ಬಡಿಯುವುದು ನೈರುತ್ಯದಿಂದ. ಹೀಗಾಗಿ ಮನೆಯ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಲ್ಲಿ ನೀರಿನ ಕಲೆ, ಉಬ್ಬಿದ ಬಣ್ಣ ಇದೆಯೇ ಎಂದು ನೋಡಬೇಕು. ಹೊಸದಾಗಿ ಬಣ್ಣ ಬಳಿದಿದ್ದರೆ ಕಪಾಟಿನ ಹಿಂಬದಿ ಹಾಗೂ ಅಟ್ಟದ ಮೂಲೆಗಳು ನಿಜ ಹೇಳುತ್ತವೆ. ತಾರಸಿಯ ಮೇಲೆ ಶೀಟಿನ ಮಾಡು ಹಾಕಿದ ಮನೆಯಲ್ಲಿ ಸೋರಿಕೆ ಕಡಿಮೆ. ನಾಲ್ಕು ತಿಂಗಳು ಬಟ್ಟೆ ಒಣಗಿಸಲು ಜಾಗವೂ ಸಿಗುತ್ತದೆ. ಹಂಚಿನ ಮನೆ ಬೇಸಿಗೆಯಲ್ಲಿ ತಂಪು, ಆದರೆ ಮಳೆಗಾಲಕ್ಕೆ ಮುನ್ನ ಒಡೆದ ಹಂಚು ಬದಲಿಸುವ ಹೊಣೆ ಯಾರದೆಂದು ತೀರ್ಮಾನವಾಗಿರಬೇಕು.

ತಾಪಮಾನದ ಅಂಕಿ ಬಯಲುಸೀಮೆಗಿಂತ ಕಡಿಮೆಯೇ. ಆದರೆ ಗಾಳಿಯ ತೇವಾಂಶದಿಂದ ಬೆವರು ಆರುವುದಿಲ್ಲ, ರಾತ್ರಿಯೂ ಸೆಕೆ ಇಳಿಯುವುದಿಲ್ಲ. ಎದುರುಬದುರು ಕಿಟಕಿಗಳಿರುವ ಮನೆಗೆ ಇಲ್ಲಿ ಹೆಚ್ಚಿನ ಬೆಲೆಯಿದೆ. ಮಳೆಗಾಲದಲ್ಲಿ ಪುಸ್ತಕ, ಚರ್ಮದ ವಸ್ತು, ಅಂಕಪಟ್ಟಿ, ಆಸ್ತಿಪತ್ರಗಳಿಗೆ ಬೂಷ್ಟು ಹಿಡಿಯುತ್ತದೆ. ಕಡಲಿಗೆ ಹತ್ತಿರವಾದಷ್ಟೂ ವಾಹನ ಹಾಗೂ ಕಬ್ಬಿಣದ ಸಾಮಾನು ತುಕ್ಕು ಹಿಡಿಯುವುದು ಬೇಗ. ಮುಂಗಾರಿಗೆ ಮುನ್ನ ಮತ್ತು ಅಕ್ಟೋಬರ್‌ನಲ್ಲಿ ಸಿಡಿಲಿನ ಹಾವಳಿ ಇರುವುದರಿಂದ ವಿದ್ಯುತ್ ಸಂಪರ್ಕಕ್ಕೆ ಸರಿಯಾದ ಅರ್ಥಿಂಗ್ ಇದೆಯೇ ಎಂದು ತಿಳಿಯುವುದು ಅಗತ್ಯ.

ಸೊಳ್ಳೆಯ ವಿಚಾರವನ್ನೂ ಲಘುವಾಗಿ ಪರಿಗಣಿಸುವಂತಿಲ್ಲ. ಮಂಗಳೂರು ಹಲವು ವರ್ಷ ರಾಜ್ಯದಲ್ಲಿ ಮಲೇರಿಯಾ ಹಾವಳಿಗೆ ಹೆಸರಾಗಿತ್ತು. ಈಗ ಪ್ರಕರಣಗಳು ಗಣನೀಯವಾಗಿ ಇಳಿದಿವೆ. 2019ರಲ್ಲಿ ಡೆಂಗಿ ತೀವ್ರವಾಗಿ ಕಾಡಿತ್ತು. ಪಕ್ಕದಲ್ಲಿ ಅರೆಬರೆ ನಿಂತ ಕಟ್ಟಡ, ಮುಚ್ಚಳವಿಲ್ಲದ ತೊಟ್ಟಿಗಳಿದ್ದರೆ ಕಿಟಕಿಗಳಿಗೆ ಬಲೆಯಿರುವ ಮನೆಯನ್ನೇ ಆರಿಸಬೇಕು.

ಭಾಷೆ, ಶಾಲೆ, ನೆರೆಹೊರೆ

ಮನೆಮಾತು ತುಳು, ಕೊಂಕಣಿ, ಬ್ಯಾರಿ, ಕುಂದಾಪುರದತ್ತ ಕುಂದಗನ್ನಡ. ಆದರೆ ಅಂಗಡಿ, ಕಚೇರಿ, ಶಾಲೆಗಳಲ್ಲಿ ಕನ್ನಡ ಮಾತ್ರ ಬಲ್ಲವರಿಗೆ ತೊಂದರೆಯಾಗದು. ಮಕ್ಕಳು ಆಟದ ಬಯಲಿನಲ್ಲೇ ತುಳು ಕಲಿತುಬಿಡುತ್ತಾರೆ. ಮನೆಯಲ್ಲೇ ಉಳಿಯುವ ಗೃಹಿಣಿಯರು ಹಾಗೂ ಹಿರಿಯರಿಗೆ ಮೊದಲ ಕೆಲವು ತಿಂಗಳು ಒಂಟಿತನ ಕಾಡಬಹುದು. ಅಂಥವರಿಗೆ ತೋಟದ ನಡುವಿನ ಒಂಟಿ ಮನೆಗಿಂತ ವಠಾರ ಅಥವಾ ವಸತಿ ಸಮುಚ್ಚಯ ಹಿತ. ಭಾರಿ ಮಳೆಯ ಮುನ್ಸೂಚನೆಯಿದ್ದ ದಿನಗಳಲ್ಲಿ ಜಿಲ್ಲಾಡಳಿತ ಶಾಲೆಗಳಿಗೆ ರಜೆ ಸಾರುವುದು ಇಲ್ಲಿ ವಾಡಿಕೆ. ಪತಿ-ಪತ್ನಿ ಇಬ್ಬರೂ ಉದ್ಯೋಗದಲ್ಲಿದ್ದರೆ ಅಂತಹ ದಿನ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಏರ್ಪಾಡು ಮೊದಲೇ ಆಗಿರಬೇಕು.

ಆಹಾರಪದ್ಧತಿ, ಅವಿವಾಹಿತರ ವಾಸ, ಅತಿಥಿಗಳ ಬರುವಿಕೆ ಕುರಿತು ಕೆಲವು ಮಾಲೀಕರು ಷರತ್ತು ವಿಧಿಸುತ್ತಾರೆ. ಮುಂಗಡ ಕೊಟ್ಟ ಬಳಿಕ ಮನಸ್ತಾಪವಾಗುವುದಕ್ಕಿಂತ ಮೊದಲೇ ಬಾಯಿಬಿಟ್ಟು ಕೇಳುವುದು ಇಬ್ಬರಿಗೂ ಗೌರವ.

ಕರಾರುಪತ್ರ

ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಬೇಕು. 11 ತಿಂಗಳ ಕರಾರು ರೂಢಿಗೆ ಬಂದಿರುವುದು ಇದೇ ಕಾರಣದಿಂದ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದೆಂದು ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆಯಾದರೂ ಅದು ರಾಜ್ಯಗಳಿಗೆ ಮಾದರಿ ಮಾತ್ರ. ಆದ್ದರಿಂದ ಕರಾರಿನಲ್ಲಿ ಏನು ಬರೆದಿದೆ ಎಂಬುದೇ ಮುಖ್ಯ. ವರ್ಗಾವಣೆಯಾಗುವ ನೌಕರಿಯವರು ಒಂದು ತಿಂಗಳ ಸೂಚನೆಯ ಮೇಲೆ ಮನೆ ಬಿಡುವ ಅವಕಾಶ, ಮುಂಗಡ ಹಿಂತಿರುಗಿಸುವ ಗಡುವು, ಬಣ್ಣಕ್ಕೆ ಕಡಿತ ಎಷ್ಟು, ಮಳೆಗಾಲದ ಸೋರಿಕೆ ದುರಸ್ತಿ ಯಾರ ಹೊಣೆ- ಈ ನಾಲ್ಕನ್ನು ಬರಹದಲ್ಲಿ ಪಡೆಯಬೇಕು. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಾವಣೆಗೆ ನಮೂನೆ 8 ಸಲ್ಲಿಸಿದರಾಯಿತು.

ಬಂದ ವರ್ಷವೇ ನಿವೇಶನ ಅಥವಾ ಮನೆ ಕೊಳ್ಳುವ ಆತುರ ಬೇಡ. ಒಂದು ಮಳೆಗಾಲ, ಒಂದು ಬೇಸಿಗೆ ಬಾಡಿಗೆ ಮನೆಯಲ್ಲಿ ಕಳೆದವರಿಗೆ ಯಾವ ರಸ್ತೆಯಲ್ಲಿ ನೀರು ನಿಲ್ಲುತ್ತದೆ, ಯಾವ ಬಾವಿ ಬತ್ತುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಕಡಲು, ಅಳಿವೆಗಳ ಸಮೀಪದ ಜಾಗಕ್ಕೆ ಕರಾವಳಿ ನಿಯಂತ್ರಣ ವಲಯದ ನಿರ್ಬಂಧಗಳು ಅನ್ವಯಿಸುತ್ತವೆಯೇ, ಕೃಷಿಭೂಮಿಯ ಪರಿವರ್ತನೆ ಆಗಿದೆಯೇ, ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ನಮೂನೆ 9 ಹಾಗೂ 11 ಸರಿಯಾಗಿವೆಯೇ ಎಂಬ ಪರಿಶೀಲನೆಗೂ ಆ ಒಂದು ವರ್ಷ ಸಾಕಷ್ಟು ಸಮಯ ಒದಗಿಸುತ್ತದೆ.

ಮುಂಗಡ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

* ಮೇ ಕೊನೆಯಲ್ಲಿ ಬಾವಿಯಲ್ಲಿ ನೀರು ಎಷ್ಟಿರುತ್ತದೆ? ಉಪ್ಪಾಗುತ್ತದೆಯೇ?

* ಟ್ಯಾಂಕರ್ ನೀರಿನ ಹಣ ಯಾರು ಕೊಡಬೇಕು?

* ಬಾವಿಗೂ ಶೌಚಗುಂಡಿಗೂ ಅಂತರ ಎಷ್ಟು?

* 2018ರ ಮೇ 29ರಂದು, ಅಥವಾ ಆ ಬಳಿಕ, ಮನೆಯೊಳಗೆ ನೀರು ಬಂದಿತ್ತೇ?

* ಹಿಂಬದಿಯ ಧರೆಗೆ ತಡೆಗೋಡೆ ಇದೆಯೇ?

* ಕಚೇರಿಗೂ ಮನೆಗೂ ನಡುವೆ ಎಷ್ಟು ಸೇತುವೆ? ಬದಲಿ ದಾರಿ ಯಾವುದು?

* ರಾತ್ರಿಯ ಕೊನೆಯ ಬಸ್ಸು ಎಷ್ಟು ಗಂಟೆಗೆ? ಸರ್ಕಾರಿಯೋ, ಖಾಸಗಿಯೋ?

* ಮಳೆಗಾಲದಲ್ಲಿ ವಿದ್ಯುತ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ?

* ಸೂಚನೆ, ಮುಂಗಡ, ದುರಸ್ತಿಯ ಷರತ್ತುಗಳು ಕರಾರಿನಲ್ಲಿ ಬರೆದಿವೆಯೇ?

ಎಲ್ಲ ಪ್ರಶ್ನೆಗಳಿಗೂ ತೃಪ್ತಿಕರ ಉತ್ತರ ಸಿಗುವ ಮನೆ ದೊರೆಯುವುದು ಕಷ್ಟ. ಆಗ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬುದನ್ನು ಆಯಾ ಕುಟುಂಬವೇ ತೀರ್ಮಾನಿಸಬೇಕು. ಬಣ್ಣ ಮಾಸಿದ ಗೋಡೆ, ಹಳೆಯ ಅಡುಗೆಮನೆ, ಸಣ್ಣ ಕೋಣೆಗಳೊಂದಿಗೆ ಹೊಂದಿಕೊಳ್ಳಬಹುದು. ನೀರು ಮತ್ತು ದಾರಿಯ ವಿಷಯದಲ್ಲಿ ರಾಜಿಯಾದರೆ ಅದರ ಫಲವನ್ನು ವರ್ಷಪೂರ್ತಿ ಉಣ್ಣಬೇಕಾಗುತ್ತದೆ.